ಒಂದು ದಾರದುಂಡೆಯ ಮೇಲೆ ನಿಂತ ಸಂಸಾರ

(ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರು, ಪಾರ್ಲರ್ ನಡೆಸುವವರು ಮತ್ತು ತರಬೇತಿಯಲ್ಲಿರುವ ಹುಡುಗಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಊರಿನ ಯಾವ ಬಡಾವಣೆಗೆ ಹೋದರೂ ಇಂಥದ್ದೊಂದು ಕೋಣೆ ಕಣ್ಣಿಗೆ ಬೀಳುತ್ತದೆ. ಮನೆಯ ಮುಂಭಾಗದಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲ. ಬಾಗಿಲಿಗೆ ದಪ್ಪ ಪರದೆ, ಮೇಲೆ ‘ಲೇಡೀಸ್ ಬ್ಯೂಟಿ ಪಾರ್ಲರ್’ ಎಂಬ ಬೋರ್ಡು. ಒಳಗೆ ಒಂದು ಕುರ್ಚಿ, ಒಂದು ಕನ್ನಡಿ, ಒಂದು ಫ್ಯಾನು, ಗೋಡೆಯ ಮೊಳೆಗೆ ನೇತಾಡುವ, ಹುಬ್ಬು ಮಾಡುವ ದಾರದುಂಡೆ. ತೊಗರಿ ಬೇಳೆ ಮಿಲ್ಲನ್ನು ನಾವು ಉದ್ಯಮ ಎನ್ನುತ್ತೇವೆ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆ ಉದ್ಯಮ, ಶಹಾಬಾದಿನ ಕಲ್ಲಿನ ಗಣಿ ಉದ್ಯಮ. ಈ ಕೋಣೆಯ ಮಾತು ಬಂದಾಗ ಮಾತ್ರ ‘ಮನ್ಯಾಗ ಕುಂತು ಏನೋ ಹುಬ್ಬ ಮಾಡ್ತಾಳ್ರೀ’ ಎಂದು ಮುಗಿಸಿಬಿಡುತ್ತೇವೆ. ಆ ಕೋಣೆಯಿಂದ ಮಕ್ಕಳ ಶಾಲೆಯ ಫೀಸು ಹೋಗುತ್ತದೆ, ಅತ್ತೆಯ ಶುಗರ್ ಮಾತ್ರೆ ಬರುತ್ತದೆ, ಸಂಘದ ಸಾಲದ ಕಂತು ತುಂಬುತ್ತದೆ. ಊರು ಲೆಕ್ಕಕ್ಕೆ ಹಿಡಿಯದಿದ್ದರೆ ಹೋಗಲಿ. ಆ ಕೆಲಸ ಮಾಡುವ ಹೆಣ್ಣುಮಗಳೇ ತನ್ನ ಕೈಯ ಹೊತ್ತಿಗೆ ಬೆಲೆ ಕಟ್ಟುವುದಿಲ್ಲ ಎಂಬುದು ನನಗೆ ದೊಡ್ಡ ಚಿಂತೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಹಳ್ಳಿಗಳಲ್ಲಿ ಕ್ಷೌರಿಕ ಮನೆತನದವರಿಗೆ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ವರ್ಷದ ಆಯ ಎಂದು ಜೋಳ ಒಯ್ಯಬೇಕಿತ್ತು. ಮಳೆ ಹೋದರೆ ಆಯವೂ ಹೋಯಿತು. ಹಲವು ಊರುಗಳಲ್ಲಿ ಅದೇ ಮನೆಯ ಗಂಡಸರು ಮದುವೆಗೆ ವಾದ್ಯ ನುಡಿಸುತ್ತಿದ್ದರು, ಹೆಂಗಸರು ಬಾಣಂತನ ಮಾಡುತ್ತಿದ್ದರು. ಊರಿನ ಅಷ್ಟು ಕೆಲಸ ಅವರ ಕೈಯಲ್ಲಿದ್ದರೂ ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡಿದ ಸಮಾಜ ನಮ್ಮದು. ಇಲ್ಲಿಂದ ಹೆಚ್ಚು ದೂರವಿಲ್ಲದ ಬಸವಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಬಸವಣ್ಣನವರ ಪಕ್ಕದಲ್ಲೇ ಇದ್ದವರು ಹಡಪದ ಅಪ್ಪಣ್ಣನವರು, ಕ್ಷೌರಿಕ ಮನೆತನದವರು ಇವತ್ತಿಗೂ ತಮ್ಮವರೆಂದು ಪೂಜಿಸುವ ಶರಣರು. ಅವರ ಹೆಂಡತಿ ಲಿಂಗಮ್ಮನವರೂ ವಚನಕಾರ್ತಿ. ಕಾಯಕ ಯಾವುದಾದರೂ ಮಾಡುವವರ ಘನತೆ ಒಂದೇ ಎಂದು ಆ ಕಾಲದಲ್ಲೇ ಬಾಳಿ ತೋರಿಸಿದ ನೆಲ ಇದು. ಅದೇ ನೆಲದಲ್ಲಿ ಈ ಕಸುಬಿಗೆ ಇವತ್ತಿಗೂ ಪೂರ್ತಿ ಗೌರವ ಸಿಕ್ಕಿಲ್ಲ.

ಹೆಣ್ಣುಮಕ್ಕಳಿಗಂತೂ ಈ ಕಸುಬಿನ ಬಾಗಿಲು ತೆರೆದದ್ದೇ ತಡವಾಗಿ. ಮದುಮಗಳಿಗೆ ಎಣ್ಣೆ ಹಚ್ಚುವುದು, ಹೆರಳು ಹಾಕುವುದು, ಮೆಹಂದಿ ಇಡುವುದು ಎಲ್ಲ ಅಕ್ಕ, ಅತ್ತಿಗೆ, ಓಣಿಯ ಕಾಕುಗಳ ಪುಕ್ಕಟೆ ಕೆಲಸವಾಗಿತ್ತು. ಸಿನಿಮಾ ರಂಗದಲ್ಲಿ ಮೇಕಪ್ ಎಂದರೆ ಗಂಡಸರದ್ದು, ಕೇಶವಿನ್ಯಾಸ ಮಾತ್ರ ಹೆಂಗಸರದ್ದು ಎಂದು ಕಲಾವಿದರ ಸಂಘವೊಂದರ ನಿಯಮವೇ ಇತ್ತು. ಚಾರು ಖುರಾನಾ ಎಂಬ ಮೇಕಪ್ ಕಲಾವಿದೆ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ಕೋರ್ಟು ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ಇಸವಿ ಗಮನಿಸಿ, 2014. ನಿಮ್ಮಲ್ಲಿ ಹಲವರು ಆಗಲೇ ಓಣಿಯಲ್ಲಿ ಪಾರ್ಲರ್ ತೆರೆದಿದ್ದಿರಿ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಾಳೆ ತೆಗೆದುಕೊಳ್ಳಿ. ನಾನು ಹೇಳುವ ಅಂಕಿ ಲೆಕ್ಕ ತೋರಿಸಲು ಹಿಡಿದವು, ನಿಮ್ಮ ನಿಮ್ಮ ಅಂಕಿಯನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. ತಿಂಗಳ ಬಾಡಿಗೆ 5,000 ರೂಪಾಯಿ. ಸ್ವಂತ ಮನೆಯಾದರೂ ಇದನ್ನು ಬರೆಯಬೇಕು, ಯಾಕೆಂದರೆ ಆ ಕೋಣೆಯನ್ನು ಬೇರೆಯವರಿಗೆ ಕೊಟ್ಟರೆ ಬಾಡಿಗೆ ಬರುತ್ತಿತ್ತು. ಕರೆಂಟು, ನೀರು 1,200. ಫೋನು, ಕಸಬರಿಗೆ, ಫಿನೈಲು 500. ಕುರ್ಚಿ, ಕನ್ನಡಿ, ಸ್ಟೀಮರ್, ವ್ಯಾಕ್ಸ್ ಹೀಟರ್ ಸೇರಿ 80,000 ಹಾಕಿದ್ದೀರಿ ಎನ್ನೋಣ. ಅವು ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ ಸುಮಾರು 1,700 ರೂಪಾಯಿ ಸವೆತ. ಎಲ್ಲ ಕೂಡಿಸಿದರೆ 8,400. ತಿಂಗಳಿಗೆ 26 ದಿನ ಕೆಲಸ ಎಂದರೆ ದಿನಕ್ಕೆ 323 ರೂಪಾಯಿ, ಒಬ್ಬ ಗಿರಾಕಿಯೂ ಬರದಿದ್ದರೂ ಹೋಗುವ ರೊಕ್ಕ ಇದು.

ಇದರ ಕೆಳಗೆ ನಿಮ್ಮ ಸಂಬಳ ಬರೆಯಿರಿ. ಬಹಳ ಜನ ಈ ಸಾಲನ್ನೇ ಬರೆಯುವುದಿಲ್ಲ. ‘ಉಳದದ್ದು ನಂದು’ ಎನ್ನುತ್ತಾರೆ. ಉಳಿದದ್ದು ಲಾಭ, ಸಂಬಳ ಬೇರೆ. ತಿಂಗಳಿಗೆ 15,000 ಎಂದು ಇಟ್ಟುಕೊಳ್ಳೋಣ. ದಿನಕ್ಕೆ 577 ಆಯಿತು. ಖರ್ಚು, ಸಂಬಳ ಕೂಡಿದರೆ 900. ಇನ್ನು ಹೊತ್ತು. ಅಂಗಡಿ ಎಂಟು ತಾಸು ತೆರೆದಿರುತ್ತದೆ, ಆದರೆ ಕುರ್ಚಿಯ ಮೇಲೆ ಗಿರಾಕಿ ಕೂತಿರುವುದು ಅದರ ಅರ್ಧದಷ್ಟೇ, ಅಂದರೆ 240 ನಿಮಿಷ. 900ನ್ನು 240ರಿಂದ ಭಾಗಿಸಿ. ನಿಮ್ಮ ಒಂದು ನಿಮಿಷದ ಬೆಲೆ 3 ರೂಪಾಯಿ 75 ಪೈಸೆ.

ಈ ಒಂದು ಅಂಕಿ ಕೈಯಲ್ಲಿದ್ದರೆ ರೇಟ್ ಬೋರ್ಡ್ ತಾನೇ ತಯಾರಾಗುತ್ತದೆ. ಹುಬ್ಬಿಗೆ ಹತ್ತು ನಿಮಿಷ, 37 ರೂಪಾಯಿ 50 ಪೈಸೆ. ದಾರ, ಪೌಡರು, ಹತ್ತಿ, ಅಲೋವೆರಾ ಜೆಲ್ಲಿಗೆ 3 ರೂಪಾಯಿ. ಒಟ್ಟು 40ರ ಆಸುಪಾಸು. ಪೂರ್ತಿ ಕೈಗೆ ವ್ಯಾಕ್ಸ್ ಮಾಡಲು ಅರ್ಧ ತಾಸು ಹಿಡಿದರೆ 112 ರೂಪಾಯಿ, ಸಾಮಾನು 40, ಅಲ್ಲಿಗೆ 152. ಫೇಶಿಯಲ್‌ಗೆ 75 ನಿಮಿಷ ಹಿಡಿಯುತ್ತದೆ. ಹೊತ್ತಿನ ಬೆಲೆ 281, ಸಾಮಾನು 120 ಹಿಡಿದರೂ 400 ದಾಟಿತು. ಪಕ್ಕದ ಓಣಿಯವಳು 300ಕ್ಕೆ ಮಾಡುತ್ತಾಳೆಂದು ನೀವೂ 300ಕ್ಕೆ ಇಳಿದರೆ ಆ ನೂರು ರೂಪಾಯಿ ಸಾಮಾನಿನವನ ಜೇಬಿನಿಂದ ಹೋಗುವುದಿಲ್ಲ, ಮನೆ ಮಾಲೀಕನ ಜೇಬಿನಿಂದಲೂ ಹೋಗುವುದಿಲ್ಲ. ನೇರವಾಗಿ ನಿಮ್ಮ ಸಂಬಳದಿಂದ ಹೋಗುತ್ತದೆ. ದಿನವೆಲ್ಲ ನಿಂತು ಕೆಲಸ ಮಾಡಿದರೂ ತಿಂಗಳ ಕೊನೆಗೆ ಕೈ ಖಾಲಿ ಎಂದು ಅಕ್ಕತಂಗಿಯರು ಹೇಳುವುದಕ್ಕೆ ಹೆಚ್ಚಿನ ಮಟ್ಟಿಗೆ ಕಾರಣ ಇದೇ.

ರೇಟು ಇಳಿಸಲೇಬೇಕು ಎಂದರೆ ಒಂದೇ ದಾರಿ, ಖಾಲಿ ಕುರ್ಚಿಯನ್ನು ತುಂಬುವುದು. 240ರ ಬದಲು 320 ನಿಮಿಷ ಗಿರಾಕಿ ಕೂತರೆ ನಿಮಿಷದ ಬೆಲೆ 2 ರೂಪಾಯಿ 81 ಪೈಸೆಗೆ ಇಳಿಯುತ್ತದೆ. ಆಗ 31 ರೂಪಾಯಿಗೂ ಹುಬ್ಬು ಮಾಡಬಹುದು, ನಿಮ್ಮ ಸಂಬಳಕ್ಕೆ ಪೆಟ್ಟು ಬೀಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಕಲಬುರಗಿಯ ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಆ ನಾಲ್ಕು ತಾಸು ಅಂಗಡಿ ತೆರೆದು ಫ್ಯಾನು ತಿರುಗಿಸುವ ಬದಲು ಬೆಳಗ್ಗೆ ಎಂಟಕ್ಕೆ ತೆರೆದು, ಮಧ್ಯಾಹ್ನ ಮುಚ್ಚಿ, ಸಂಜೆ ಮತ್ತೆ ಒಂಬತ್ತರವರೆಗೆ ಇಡುವುದು ಲೇಸು. ಶಾಲೆ, ಬ್ಯಾಂಕು, ಕಚೇರಿಗೆ ಹೋಗುವ ಹೆಣ್ಣುಮಕ್ಕಳಿಗೆ ಬಿಡುವು ಸಿಗುವುದೂ ಆ ಹೊತ್ತಿಗೇ.

ಇನ್ನು ಸಾಮಾನಿನ ಮಾತು. ವ್ಯಾಕ್ಸನ್ನು ಹಲವರು ಮನೆಯಲ್ಲೇ ಮಾಡುತ್ತೀರಿ, ಒಳ್ಳೆಯದು. 400 ಗ್ರಾಂ ಸಕ್ಕರೆ, 60 ಮಿಲಿ ನಿಂಬೆರಸ, 60 ಮಿಲಿ ನೀರು. ಸಣ್ಣ ಉರಿಯಲ್ಲಿ ಜೇನಿನ ಬಣ್ಣ ಬರುವವರೆಗೆ, ಅಂದರೆ ಸುಮಾರು 118ರಿಂದ 121 ಡಿಗ್ರಿಯವರೆಗೆ ಕಾಯಿಸಬೇಕು. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆ ಉಂಡೆ ಕಟ್ಟಬೇಕು. ನಿಂಬೆಯ ಹುಳಿ ಸಕ್ಕರೆಯನ್ನು ಒಡೆಯುವುದರಿಂದ ಪಾಕ ಹರಳುಗಟ್ಟುವುದಿಲ್ಲ. ನಿಂಬೆ ಕಡಿಮೆಯಾದರೆ ಮರುದಿನ ಡಬ್ಬಿಯಲ್ಲಿ ಕಲ್ಲುಸಕ್ಕರೆ ಸಿಗುತ್ತದೆ. ಒಂದೇ ಅಳತೆ ಇಟ್ಟುಕೊಂಡು ವರ್ಷವಿಡೀ ಕಾಯಿಸಿದರೆ ನಮ್ಮ ಹವೆಗೆ ಹೊಂದುವುದಿಲ್ಲ. ಮೇ ತಿಂಗಳಲ್ಲಿ ಪಾಕ ತುಸು ಗಟ್ಟಿ ಇರಬೇಕು, ಇಲ್ಲದಿದ್ದರೆ ಚರ್ಮದ ಮೇಲೆ ಹರಿದು ಅಂಟುತ್ತದೆ. ಎಳ್ಳಮಾವಾಸ್ಯೆಯ ಚಳಿಗೆ ತುಸು ಮೊದಲೇ ಇಳಿಸಬೇಕು, ಇಲ್ಲದಿದ್ದರೆ ಪಟ್ಟಿ ಎಳೆಯುವಾಗ ಚಟಚಟ ಒಡೆಯುತ್ತದೆ.

ಬೆವರಿದ್ದ ಕೈಗೆ ವ್ಯಾಕ್ಸ್ ಹಿಡಿಯುವುದಿಲ್ಲ. ಒರೆಸಿ, ಪೌಡರು ಹಾಕಿ, ಆಮೇಲೆ ಕೂದಲು ಬೆಳೆದ ದಿಕ್ಕಿಗೇ ತೆಳ್ಳಗೆ ಹಚ್ಚಬೇಕು. ಎಳೆಯುವುದು ಅದರ ಎದುರು ದಿಕ್ಕಿಗೆ, ಪಟ್ಟಿ ಚರ್ಮಕ್ಕೆ ಒರಗಿದಂತೆಯೇ ಬರಬೇಕು. ಮೇಲಕ್ಕೆ ಎತ್ತಿ ಎಳೆದರೆ ಕೂದಲು ನಡುವೆ ತುಂಡಾಗುತ್ತದೆ, ಚರ್ಮ ಕಂದುತ್ತದೆ, ವಾರದಲ್ಲಿ ಗುಳ್ಳೆ ಏಳುತ್ತವೆ. ಕೂದಲು ಅರ್ಧ ಸೆಂಟಿಮೀಟರಾದರೂ ಇರಲಿ. ಮೊಡವೆಗೆ ರೆಟಿನಾಯ್ಡ್ ಮುಲಾಮು ಹಚ್ಚುವವರಿಗೆ, ಐಸೊಟ್ರೆಟಿನಾಯಿನ್ ಗುಳಿಗೆ ನುಂಗುವವರಿಗೆ ಮುಖದ ವ್ಯಾಕ್ಸ್ ಮಾಡಲೇಬಾರದು. ಅವರ ಚರ್ಮದ ಮೇಲ್ಪದರ ತೆಳ್ಳಗಾಗಿರುತ್ತದೆ, ಪಟ್ಟಿಯ ಜೊತೆ ಚರ್ಮವೇ ಕಿತ್ತು ಬರುತ್ತದೆ. ‘ಏನಾರ ಔಷಧ ಹಚ್ಚಾಕತ್ತೀರೇನ್ರೀ?’ ಎಂದು ಮೊದಲೇ ಕೇಳಿದರೆ ಮುಂದಿನ ರಂಪ ತಪ್ಪುತ್ತದೆ.

ನಮ್ಮ ಬೋರ್‌ವೆಲ್ ನೀರಿನ ಬಗ್ಗೆಯೂ ಒಂದು ಮಾತು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಶಾಂಪೂ ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಸ್ಟೀಮರಿನ ಒಳಗೆ ಬಿಳಿ ಸುಣ್ಣ ಕಟ್ಟಿ ಕಾಯಿಲ್ ಸುಟ್ಟುಹೋಗುತ್ತದೆ. ಸ್ಟೀಮರಿಗೆ ಆರ್‌ಓ ನೀರೇ ಹಾಕಿ. ಈಗಾಗಲೇ ಸುಣ್ಣ ಕಟ್ಟಿದ್ದರೆ ನಿಂಬೆ ಉಪ್ಪು ಕರಗಿಸಿದ ನೀರನ್ನು ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಎರಡು ಸಲ ತೊಳೆಯಿರಿ.

ಲಗ್ನದ ಸೀಜನ್ ಮಾತಿಲ್ಲದೆ ನಮ್ಮ ಭಾಗದ ಪಾರ್ಲರಿನ ಮಾತು ಮುಗಿಯುವುದಿಲ್ಲ. ಮೇ ತಿಂಗಳು, ಮಧ್ಯಾಹ್ನ ಹನ್ನೆರಡೂವರೆಯ ಅಕ್ಷತೆ, ಹೊರಗೆ 42 ಡಿಗ್ರಿ, ಮಂಟಪದಲ್ಲಿ ವಿಡಿಯೊದವರ ಲೈಟು. ಇಂಥ ಹೊತ್ತಿನಲ್ಲಿ ಮದುಮಗಳ ಮೇಕಪ್ ಇಳಿಯುವುದು ಸಾಮಾನು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ದಪ್ಪ ಪದರ ಬೆವರಿಗೆ ಬಿರಿಯುತ್ತದೆ. ಮುಖ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಒಂದೆರಡು ನಿಮಿಷ ಆಡಿಸಿ, ಹಗುರ ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಬಿಡಿ. ಪ್ರೈಮರ್ ಹಣೆ, ಮೂಗು, ಗದ್ದಕ್ಕೆ ಸಾಕು. ಫೌಂಡೇಶನ್ ಒದ್ದೆ ಸ್ಪಾಂಜಿನಿಂದ ಎರಡು ತೆಳು ಪದರ. ಪುಡಿಯನ್ನು ಉಜ್ಜದೆ ಒತ್ತಿ ಹಾಕಬೇಕು. ಮಂಟಪದಲ್ಲಿ ಬೆವರು ಬಂದರೆ ಟಿಶ್ಯೂ ಒತ್ತಿ ಹೀರಿಸಿ. ಬೆವರಿನ ಮೇಲೆ ಮತ್ತೆ ಪುಡಿ ಬಿದ್ದರೆ ಹಿಟ್ಟು ಕಲಸಿದಂತಾಗುತ್ತದೆ. ಬಿಳಿ ಸಿಲಿಕಾ ಪುಡಿ ಹೆಚ್ಚಾದರೆ ಕಣ್ಣಿಗೆ ಚೆಂದ ಕಂಡರೂ ಫ್ಲ್ಯಾಶ್ ಬಿದ್ದ ಫೋಟೊದಲ್ಲಿ ಕಣ್ಣ ಕೆಳಗೆ ಬಿಳಿ ಮಚ್ಚೆ ಎದ್ದು ಕಾಣುತ್ತವೆ. ಆಲ್ಬಂ ಬಂದ ಮೇಲೆ ಬರುವ ಜಗಳ ಇದರದ್ದೇ.

ಬಣ್ಣ ಆರಿಸುವಾಗ ದವಡೆಯ ಅಂಚಿಗೆ ಹಚ್ಚಿ, ಬಾಗಿಲ ಬಳಿ ಹಗಲ ಬೆಳಕಿನಲ್ಲಿ ನೋಡಬೇಕು. ಮನೆಯವರು ‘ಇನ್ನೂ ಬೆಳ್ಳಗ ಮಾಡ್ರೀ’ ಎಂದು ಒತ್ತಾಯಿಸುತ್ತಾರೆ. ಎರಡು ಶೇಡ್ ಮೇಲಿನದು ಹಚ್ಚಿದರೆ ಗೋಧಿ ಬಣ್ಣದ ಮುಖ ಬೂದಿ ಬಳಿದಂತಾಗುತ್ತದೆ, ಕೊರಳು ಒಂದು ಬಣ್ಣ, ಮುಖ ಒಂದು ಬಣ್ಣ. ಲಗ್ನಕ್ಕೆ ಹದಿನೈದು ದಿನ ಮೊದಲು ಒಂದು ಟ್ರಯಲ್ ಮಾಡಿ, ಹಗಲಲ್ಲಿ ಫೋಟೊ ತೆಗೆದು, ಮನೆಯ ಹಿರಿಯರಿಗೆ ತೋರಿಸಿ ಒಪ್ಪಿಸಿಕೊಳ್ಳಿ. ಬ್ಲೀಚು, ಹೊಸ ಫೇಶಿಯಲ್ಲು ಯಾವುದಿದ್ದರೂ ವಾರ ಮೊದಲೇ ಮುಗಿಯಲಿ. ಅರಿಶಿನ ಹಚ್ಚಿದ ಹಳದಿ ಹೋಗಲಿ ಎಂದು ಲಗ್ನದ ಬೆಳಗ್ಗೆ ಬ್ಲೀಚ್ ಮಾಡಿದ ಮುಖ ಮಂಟಪದಲ್ಲಿ ಉರಿಯುತ್ತದೆ.

ಒಬ್ಬ ಮದುಮಗಳಿಗೆ 6,000 ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಅವರಿಗೆ ಲೆಕ್ಕ ಬಿಡಿಸಿ ಹೇಳಿ. 30,000 ರೂಪಾಯಿಯ ಕಿಟ್ಟು. ತೆರೆದ ಮಸ್ಕಾರ ಮೂರರಿಂದ ಆರು ತಿಂಗಳಿಗೆ, ದ್ರವ ಫೌಂಡೇಶನ್ ಸುಮಾರು ವರ್ಷಕ್ಕೆ ಕೆಡುತ್ತದೆ, ಬಾಟಲಿಯ ಮೇಲೆ ತೆರೆದ ಡಬ್ಬಿಯ ಚಿತ್ರದಲ್ಲಿ ತಿಂಗಳ ಸಂಖ್ಯೆ ಬರೆದಿರುತ್ತದೆ. ವರ್ಷಕ್ಕೆ 25 ಮದುವೆ ಸಿಕ್ಕರೆ ಕಿಟ್ಟಿನ ಖರ್ಚೇ ಒಬ್ಬೊಬ್ಬರಿಗೆ 1,200. ಟ್ರಯಲ್ಲು, ಹೋಗಿಬರುವ ಹೊತ್ತು, ಸಹಾಯಕಿಯ ಕೂಲಿ ಬೇರೆ. ಆಷಾಢದಲ್ಲಿ ಲಗ್ನವಿಲ್ಲ, ಮೊಹರಂ ತಿಂಗಳಲ್ಲಿ ಮುಸ್ಲಿಂ ಮನೆಗಳ ಮದುವೆಗಳಿಲ್ಲ. ಸೀಜನ್ನಿನ ದುಡಿಮೆ ಆ ತಿಂಗಳುಗಳಿಗೂ ಅನ್ನ ಹಾಕಬೇಕು.

ಅದೇ 6,000ದ ಹಿಂದೆ ಇನ್ನೆಷ್ಟು ಕೈಗಳಿವೆ ನೋಡಿ. ಮಲ್ಲಿಗೆ ದಂಡೆ ಕಟ್ಟುವವರು, ಸೀರೆಯ ನೆರಿಗೆ ಮೊದಲೇ ಹಿಡಿದು ಇಸ್ತ್ರಿ ಮಾಡಿ ಮಡಿಸಿಕೊಡುವ ಹುಡುಗಿ, ಬಾಡಿಗೆಗೆ ಒಡವೆ ಸೆಟ್ಟು ಕೊಡುವ ಅಂಗಡಿ, ಬಳೆಗಾರ, ಮೆಹಂದಿ ಕೋನು ಕಟ್ಟುವ ದರ್ಗಾ ಭಾಗದ ಮನೆಗಳು, ಬೆಳಗಿನ ಜಾವ ಕರೆದೊಯ್ಯುವ ಆಟೊದವರು. ಈ ರೊಕ್ಕದ ದೊಡ್ಡ ಪಾಲು ಊರಲ್ಲೇ ತಿರುಗುತ್ತದೆ. ಮೆಹಂದಿ ಎಂದೆ, ಅದರ ಬಗ್ಗೆ ಎಚ್ಚರವೂ ಬೇಕು. ಅಸಲಿ ಮೆಹಂದಿ ತೊಳೆದ ಕೂಡಲೇ ಕಿತ್ತಳೆ, ಒಂದೆರಡು ದಿನಕ್ಕೆ ಕಂದುಗೆಂಪು, ಎಂದೂ ಕರ್ರಗಾಗುವುದಿಲ್ಲ. ಅರ್ಧ ತಾಸಿಗೆ ಕರಿ ಬಣ್ಣ ಕೊಡುವ ಕೋನಿನಲ್ಲಿ ಕೂದಲ ಬಣ್ಣದ ಪಿಪಿಡಿ ರಾಸಾಯನಿಕ ಇರುತ್ತದೆ. ಚಿತ್ತಾರದ ಗೆರೆಗಳೇ ಬೊಬ್ಬೆ ಏಳುತ್ತವೆ. ಒಮ್ಮೆ ಮೈಗೆ ಒಗ್ಗದಂತಾದರೆ ಮುಂದೆ ಕೂದಲ ಡೈ ಕೂಡ ಜೀವನವಿಡೀ ಆಗಿಬರುವುದಿಲ್ಲ. ಡೈ ಹಚ್ಚುವ 48 ತಾಸು ಮೊದಲು ಮೊಣಕೈ ಒಳಬದಿಗೆ ಚುಕ್ಕೆ ಹಚ್ಚಿ ನೋಡುವುದು ಇದಕ್ಕೇ.

ಶುಚಿಯ ವಿಷಯಕ್ಕೆ ಬರುತ್ತೇನೆ. ಲಿವರಿಗೆ ರೋಗ ತರುವ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದ ಕಲೆಯಾದರೂ ಸಾಕು. ನೀಲಿ ಬೆಳಕಿನ ಯುವಿ ಪೆಟ್ಟಿಗೆಯಲ್ಲಿ ಇಟ್ಟರೆ ಕತ್ತರಿ ಶುದ್ಧವಾಯಿತೆಂದು ಎಷ್ಟೋ ಕಡೆ ನಂಬುತ್ತಾರೆ. ಬೆಳಕು ತಾಗದ ಕಡೆ ಅದು ಏನೂ ಮಾಡುವುದಿಲ್ಲ, ಶುದ್ಧ ಮಾಡಿದ್ದನ್ನು ಇಡಲು ಅಷ್ಟೇ ಅದು ಸರಿ. ಒತ್ತಡದ ಹಬೆಯಲ್ಲಿ ಸಲಕರಣೆ ಶುದ್ಧ ಮಾಡುವ ಆಟೊಕ್ಲೇವ್ ಯಂತ್ರ ಕೊಳ್ಳುವ ಶಕ್ತಿ ಇಲ್ಲದವರು ಅಡುಗೆಯ ಕುಕ್ಕರನ್ನು ಇದಕ್ಕೇ ಬೇರೆ ಇಡಬಹುದು. ತೂಕ ಎದ್ದಾಗ ಒಳಗೆ ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡ, 121 ಡಿಗ್ರಿ ಶಾಖ. ಸ್ಟೀಲಿನ ಚಿಮಟ, ಕತ್ತರಿ, ಉಗುರು ಕಟ್ಟರ್‌ಗಳನ್ನು ಮೊದಲು ಸೋಪು ಹಾಕಿ ಬ್ರಷ್‌ನಿಂದ ತಿಕ್ಕಿ, ಬಾಯಿ ತೆರೆದಿಟ್ಟು, ಬಟ್ಟೆಯಲ್ಲಿ ಸುತ್ತಿ, ನೀರು ತಾಗದಂತೆ ಜಾಲರಿಯ ಮೇಲಿಡಿ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ. ತಾನೇ ತಣ್ಣಗಾಗಲಿ. ತೆಗೆದು ಒಣಗಿಸದಿದ್ದರೆ ತುಕ್ಕು ಹಿಡಿಯುತ್ತದೆ. ಬ್ಲೇಡು, ಹುಬ್ಬಿನ ದಾರ, ವ್ಯಾಕ್ಸಿನ ಕಡ್ಡಿ ಒಬ್ಬರಿಗೆ ಒಂದೇ. ದಾರದ ತುದಿಯನ್ನು ಬಾಯಲ್ಲಿ ಕಚ್ಚುವ ಬದಲು ಕೊರಳಿಗೆ ಕಟ್ಟಿಕೊಂಡು ಎಳೆಯುವುದನ್ನು ಕಲಿಯಿರಿ, ವಾರದಲ್ಲಿ ಕೈಗೆ ಹತ್ತುತ್ತದೆ.

ಈಗ ಬಿಳಿ ಕ್ರೀಮಿನ ಡಬ್ಬಿ. ಇಷ್ಟು ಹೊತ್ತು ಹೇಳಿದ್ದರಲ್ಲಿ ಏನು ಮರೆತರೂ ಇದನ್ನು ಮರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಂಗೈಯಗಲದ ಡಬ್ಬಿ, ಮೇಲೆ ಬೆಳ್ಳನೆಯ ಹೆಣ್ಣಿನ ಚಿತ್ರ. ತಯಾರಿಸಿದವರ ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ಬ್ಯಾಚ್ ನಂಬರಿಲ್ಲ. ಹಚ್ಚಿದ ವಾರಕ್ಕೇ ಬಣ್ಣ ತಿಳಿಯಾಗುತ್ತದೆ. ಇಷ್ಟು ಬೇಗ ಬೆಳ್ಳಗೆ ಮಾಡುವುದು ಹೆಚ್ಚಾಗಿ ಪಾದರಸ ಇಲ್ಲವೇ ಸ್ಟೀರಾಯ್ಡು. ಪಾದರಸ ಚರ್ಮದ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಜೊತೆಗೆ ಚರ್ಮದೊಳಗಿಂದ ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಹೋಗಿ ಕೂರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಮೂತ್ರಪಿಂಡದ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ 22 ರೋಗಿಗಳನ್ನು ಗಮನಿಸಿದರು. ಅವರಲ್ಲಿ 15 ಜನರದ್ದು ಅಪರೂಪದ ಒಂದು ಬಗೆ, ಆ 15ರಲ್ಲಿ 13 ಜನ ಬಿಳಿ ಮಾಡುವ ಕ್ರೀಮು ಹಚ್ಚುತ್ತಿದ್ದವರು. ಮುಖ, ಕಾಲು ಬಾತುಕೊಳ್ಳುವುದು, ಮೂತ್ರ ನೊರೆನೊರೆಯಾಗುವುದು ಇದರ ಗುರುತು.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸ ಬೇಕೆಂದು ಹಾಕುವಂತಿಲ್ಲ. ಅರಿಯದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ಡಬ್ಬಿ ಕೈಗೆ ಬಂದಾಗ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚು, ಬಳಕೆಯ ಕೊನೆಯ ದಿನ, ಒಳಗಿನ ಪದಾರ್ಥಗಳ ಪಟ್ಟಿ, ಪರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಹುಡುಕಿ. ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಸ್ ಎಲ್ಲ ಪಾದರಸದ್ದೇ ಹೆಸರು, ಕಂಡರೆ ಅಲ್ಲೇ ಬಿಡಿ. ‘ಬೆಳ್ಳಿ ಬಂಗಾರಕ್ಕೆ ತಾಗಿಸಬೇಡಿ’ ಎಂದು ಬರೆದಿದ್ದರೂ ಅದೇ ಅರ್ಥ. ಪಾದರಸ ಬಂಗಾರವನ್ನು ಹಿಡಿದು ಬೆಳ್ಳಗೆ ಮಾಡುತ್ತದೆ, ತಾಳಿಗೆ ಆಗದ್ದು ಕೆನ್ನೆಗೆ ಹೇಗೆ ಆದೀತು?

ಸ್ಟೀರಾಯ್ಡಿನ ಕಥೆ ಬೇರೆ. ಬೀಟಾಮೆಥಸೋನ್, ಕ್ಲೊಬೆಟಸೋಲ್, ಮೊಮೆಟಸೋನ್ ಇವು ಔಷಧಗಳು, ವೈದ್ಯರ ಚೀಟಿ ಇಲ್ಲದೆ ಕೊಡಬಾರದಂಥವು. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಗದ್ದದ ಮೇಲೆ ಕೂದಲು ಬರುತ್ತವೆ. ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಗಜಕರ್ಣಕ್ಕೆ ಇದನ್ನೇ ಹಚ್ಚಿದರೆ ತುರಿಕೆ ನಿಂತಂತೆ ಕಂಡು ಬೂಷ್ಟು ಮೈತುಂಬ ಹಬ್ಬುತ್ತದೆ. ಇಂಥ ಮುಖ ನಿಮ್ಮ ಕುರ್ಚಿಗೆ ಬಂದರೆ ಫೇಶಿಯಲ್ ಮಾಡಬೇಡಿ, ಚರ್ಮದ ವೈದ್ಯರ ಬಳಿ ಕಳಿಸಿ. ಮುಲಾಮುಗಳನ್ನು ಕಲಸಿ ಹೆಸರಿಲ್ಲದ ಡಬ್ಬಿಯಲ್ಲಿ ಮಾರುವುದಂತೂ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಅಪರಾಧ. ಇನ್ನೂರು ರೂಪಾಯಿ ಲಾಭಕ್ಕೆ ಒಬ್ಬ ಹುಡುಗಿಯ ಮುಖ, ಮೂತ್ರಪಿಂಡ ಎರಡೂ ಹೋಗಬಾರದು.

ಸಾಮಾಜಿಕ ಮಹತ್ವ ಎಂದು ಕೇಳಿದರೆ ನಾನು ಮೊದಲು ಆ ಪರದೆಯನ್ನೇ ತೋರಿಸುತ್ತೇನೆ. ಬುರ್ಖಾದವರು, ಸೆರಗು ಹೊದ್ದವರು, ಜೀನ್ಸ್ ತೊಟ್ಟವರು ಒಂದೇ ಬೆಂಚಿನ ಮೇಲೆ ಸರದಿ ಕಾಯುವ ಇಂಥ ಜಾಗ ಊರಲ್ಲಿ ಕಡಿಮೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಧೈರ್ಯ ಮಾಡುವುದೂ ಇಲ್ಲೇ. ಪೆಡಿಕ್ಯೂರ್ ಮಾಡುವವಳ ಜಾತಿ ಯಾವುದು, ಮಾಡಿಸಿಕೊಳ್ಳುವವಳ ಜಾತಿ ಯಾವುದು ಎಂದು ಕೇಳದೆ ಒಬ್ಬರ ಕಾಲು ಇನ್ನೊಬ್ಬರ ಕೈಯಲ್ಲಿರುತ್ತದೆ. ಇಂಥ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ದಲಿತರಿಗೆ ಕ್ಷೌರ ಮಾಡಲು ಒಲ್ಲೆನ್ನುವ ಊರುಗಳ ಸುದ್ದಿ ಇನ್ನೂ ಬರುತ್ತದೆ. ಹಾಗೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷೆಗೆ ಗುರಿಯಾಗುವ ಕೃತ್ಯ. ಕಲಿಸುವವರು ಮೊದಲ ದಿನವೇ ಇದನ್ನು ಹೇಳಬೇಕು.

ಮೈಮೇಲಿನ ಏಟಿನ ಗುರುತು ಮೊದಲು ಕಾಣುವುದೂ ನಿಮಗೇ. ಎಲ್ಲರ ಮುಂದೆ ಕೇಳಬೇಡಿ, ಒಬ್ಬಳೇ ಇದ್ದಾಗ ಮೆಲ್ಲಗೆ ಕೇಳಿ. ಮಹಿಳಾ ಸಹಾಯವಾಣಿ 181 ಎಂದು ಕನ್ನಡಿಯ ಮೂಲೆಗೆ ಬರೆದು ಅಂಟಿಸಿ. ಮದುಮಗಳ ಬುಕಿಂಗ್ ತಗೊಳ್ಳುವಾಗ ವಯಸ್ಸಿನ ದಾಖಲೆ ಕೇಳುವ ರೂಢಿ ಮಾಡಿಕೊಳ್ಳಿ, ‘ಎಲ್ಲಾರಿಗೂ ಕೇಳ್ತೀವ್ರೀ, ನಮ್ಮ ನಿಯಮ ಅದ’ ಎಂದರೆ ಸಾಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಮದುವೆ ನಡೆಸುವವರನ್ನಷ್ಟೇ ಅಲ್ಲ, ಅದಕ್ಕೆ ನೆರವಾಗುವವರನ್ನೂ ಹಿಡಿಯುತ್ತದೆ. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹದಿನೆಂಟು ತುಂಬಿಲ್ಲವೆಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ.

ಸರ್ಕಾರದ ಯೋಜನೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಣ್ಣ ಉದ್ಯೋಗಕ್ಕೆ ಬ್ಯಾಂಕು ಕೊಡುವ ಮುದ್ರಾ ಸಾಲದಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ. ಐಟಿಐನಲ್ಲಿ ಕಾಸ್ಮೆಟಾಲಜಿ ಒಂದು ವರ್ಷದ ಕೋರ್ಸು. ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಆಳಂದ, ಜೇವರ್ಗಿ, ಚಿತ್ತಾಪುರದ ಹುಡುಗಿಯರು ಬಸ್ ಚಾರ್ಜಿಲ್ಲದೆ ಇಲ್ಲಿಗೆ ಬಂದು ಕಲಿಯಬಹುದು. 2023ರ ಸೆಪ್ಟೆಂಬರ್ 17ರಂದು ಶುರುವಾದ, ಕೈಕಸುಬಿನವರಿಗೆ ನೆರವಾಗುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರಿದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ. 15,000ದ ಸಲಕರಣೆ ನೆರವು, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಬ್ಯೂಟಿಷಿಯನ್ ಎಂಬ ಹೆಸರು ಮಾತ್ರ ಆ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ. ಅದು ಬರಬೇಕು, ಅದಕ್ಕೆ ನಾವು ಒಟ್ಟಾಗಿ ಕೇಳಬೇಕು.

ತೆರಿಗೆ ವಿಷಯದಲ್ಲಿ ಗೊಂದಲ ಬೇಡ. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್, ಸಲೂನ್ ಸೇವೆಯ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ವರ್ಷದ ವಹಿವಾಟು 20 ಲಕ್ಷದೊಳಗೆ ಇರುವ ನಮ್ಮ ಓಣಿಯ ಪಾರ್ಲರುಗಳಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ, ಆದ್ದರಿಂದ ಬಿಲ್ಲಿನಲ್ಲಿ ಅದನ್ನು ಹಾಕುವಂತಿಲ್ಲ. ಶಾಂಪೂ, ಕೂದಲೆಣ್ಣೆ, ಪೌಡರಿಗೂ ಶೇ. 5 ಆಗಿದೆ. ಕುಂಕುಮ, ಬಿಂದಿ, ಗಾಜಿನ ಬಳೆಗೆ ತೆರಿಗೆ ಇಲ್ಲ. ಲಿಪ್‌ಸ್ಟಿಕ್ಕಿಗೆ ಶೇ. 18 ಹಾಗೇ ಇದೆ. ಹಳೆಯ ದರದಲ್ಲೇ ಶಾಂಪೂ ಡಬ್ಬ ಕೊಡುವ ಅಂಗಡಿಯವರನ್ನು ಬಿಲ್ಲು ತೋರಿಸಿ ಎಂದು ಕೇಳಿ.

ಕೊನೆಗೆ ಸಭಿಕರಿಂದ ಬಂದ ಪ್ರಶ್ನೆ, ‘ರೇಟ್ ಹೆಚ್ಚು ಮಾಡಿದ್ರ ಗಿರಾಕಿ ಹೋಗ್ತಾರಲ್ರೀ ಅಕ್ಕಾ?’ ಒಮ್ಮೆಲೇ ಎಲ್ಲ ಏರಿಸಬೇಡಿ. ಆಷಾಢದಲ್ಲಿ ಕೈ ಖಾಲಿ ಇರುವಾಗ ಹದಿನೈದು ದಿನ ಒಂದು ನೋಟುಬುಕ್ಕಿನಲ್ಲಿ ಪ್ರತಿ ಗಿರಾಕಿ ಕೂತ ಹೊತ್ತು, ಎದ್ದ ಹೊತ್ತು, ಬಳಸಿದ ಸಾಮಾನು ಬರೆಯಿರಿ. ಯಾವ ಕೆಲಸದಲ್ಲಿ ನಿಮ್ಮ ಸಂಬಳ ಸೋರುತ್ತಿದೆ ಎಂಬುದು ಆ ಪುಟಗಳಲ್ಲೇ ಕಾಣುತ್ತದೆ. ಅದೊಂದರ ರೇಟನ್ನು ಮಾತ್ರ ಶ್ರಾವಣದ ಮೊದಲ ಸೋಮವಾರದಿಂದ ಬದಲಿಸಿ, ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹೊರಗೆ ತೂಗುಹಾಕಿ. ಪಕ್ಕದ ಓಣಿಯವಳಿಗೂ ಆ ನೋಟುಬುಕ್ ತೋರಿಸಿ, ಅವಳದ್ದೂ ಸೋರುತ್ತಿರುತ್ತದೆ.